ಹಾಫ್ ಟೈಮಿನ ಹಾಲು

ಜೂನ್ 11, ಬುಧವಾರ

ಅಂತೂ ಬಂದು ಇಳಿದೆವು. ಸೊಂಟ ನನ್ನದೋ ಬೇರೆಯವರದೋ ತಿಳಿಯದ ಹಾಗಾಗಿದೆ. ಬಸ್ ಕಂಡಕ್ಟರಾಗಿ ಬದುಕೆಲ್ಲ ನಿಂತೇ ದುಡಿದವಳಿಗೆ ಎರಡು ದಿನ ರೈಲಿನಲ್ಲಿ ಕೂತದ್ದೇ ದೊಡ್ಡ ಶಿಕ್ಷೆ. ಆದರೂ ದಿನ ಮುಗಿದ ಮೇಲೆ ಟ್ರಿಪ್ ಶೀಟ್ ಬರೆಯದೆ ಮಲಗಿ ಅಭ್ಯಾಸವಿಲ್ಲ. ಅದಕ್ಕೇ ಇದು. ಓದುವವರು ಯಾರೂ ಇಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಇದ್ದದ್ದು ಇಷ್ಟು. ನನ್ನ ಸೊಸೆ ದೇಶದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಅವಳಿಗೆ ಏಳು ತಿಂಗಳ ಹೆಣ್ಣು ಕೂಸು. ಆ ಕೂಸು ಬಾಟಲಿ ಕಂಡರೆ ಮುಖ ತಿರುಗಿಸುತ್ತದೆ, ತಾಯಿಯ ಹಾಲೇ ಆಗಬೇಕು. ಸೊಸೆಗೆ ತಾಯಿಯಿಲ್ಲ. ನನ್ನ ಮಗ ಲಿಫ್ಟ್ ರಿಪೇರಿಯವನು, ಅವನಿಗೆ ರಜೆಯಿಲ್ಲ. ಉಳಿದವಳು ನಾನು. ನಿವೃತ್ತಿಯಾದವರಿಗೆ ಕೆಲಸವಿರುವುದಿಲ್ಲ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ.

ಇಲ್ಲಿ ಎಂಟು ದೇಶಗಳ ಪಂದ್ಯಾವಳಿ. ತಂಡಕ್ಕೆ ದೊಡ್ಡ ಹೋಟೆಲು. ಹೊರಗಿನವರು ಅಲ್ಲಿ ಉಳಿಯಬಾರದೆಂಬುದು ನಿಯಮವಂತೆ. ನನಗೂ ಕೂಸಿಗೂ ರಸ್ತೆಯ ಆಚೆ ಬದಿಯ ವಸತಿಗೃಹದಲ್ಲಿ ಒಂದು ಕೋಣೆ. ರಾತ್ರಿ ಮಾತ್ರ ಸೊಸೆ ಇಲ್ಲಿ ಬಂದು ಮಲಗಲು ಕೋಚಮ್ಮ ಒಪ್ಪಿದ್ದಾರೆ. ಕೋಚಮ್ಮನೆಂದರೆ ತರಬೇತಿ ಕೊಡುವವರು, ನನ್ನದೇ ವಯಸ್ಸು, ನಗು ಎಲ್ಲೋ ಮರೆತು ಬಂದವರ ಮುಖ.

ಹೊರಡುವಾಗ ಮಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಇದೇ ಕೊನೇದು ಅಮ್ಮ. ವಾಪಸ್ ಬಂದ್ಮೇಲೆ ಆಟ ಬಿಡ್ತಾಳೆ. ನೀನೂ ಒಂದ್ ಮಾತು ಹೇಳು, ನಿನ್ ಮಾತು ಕೇಳ್ತಾಳೆ."

ನನ್ನ ಮಾತನ್ನು ಯಾರು ಕೇಳಿದ್ದಾರೆ? ಒಳಗೆ ಜಾಗವಿದೆ ಹೋಗಿ ಎಂದರೂ ಬಾಗಿಲಲ್ಲೇ ನೇತಾಡುತ್ತಿದ್ದ ಜನ. ಆದರೂ ಹೇಳಬೇಕು. ಹೆತ್ತ ಮೇಲೂ ಚೆಂಡು ಹಿಡಿದು ಓಡುವುದೆಂದರೇನು? ಅವಳಿಗೂ ಸುಸ್ತು, ಕೂಸಿಗೂ ಸುಸ್ತು, ನನ್ನ ಪಾಡನ್ನಂತೂ ಕೇಳುವುದೇ ಬೇಡ.

ಜೂನ್ 13, ಶುಕ್ರವಾರ

ಇವತ್ತು ಅವರ ಮೊದಲ ಪಂದ್ಯ. ಒಳಗಿನ ಗದ್ದಲಕ್ಕೆ ಕೂಸು ಬೆಚ್ಚಿ ಬಿದ್ದು ಚೀರಿದ್ದರಿಂದ ಹೊರಗಿನ ಓಣಿಯಲ್ಲಿ ನೆಲ ಒರೆಸುವ ಬಕೆಟ್ಟುಗಳ ಪಕ್ಕದಲ್ಲಿ ಕುಳಿತೆ. ಗೋಡೆಯಾಚೆ ಶೂಗಳ ಕೀರಲು, ಚೆಂಡಿನ ಧಡಧಡ, ಆಗಾಗ ಶೀಟಿ. ಏನು ನಡೆಯಿತೋ ದೇವರಿಗೇ ಗೊತ್ತು.

ಅರ್ಧ ಆಟ ಮುಗಿದಾಗ ಸೊಸೆ ಓಡಿ ಬಂದಳು. ಚೆಂಡು, ಬಲೆ, ಹಳೆಯ ಚಾಪೆ ತುಂಬಿಟ್ಟಿದ್ದ ಉಗ್ರಾಣವೊಂದರಲ್ಲಿ ಕೂತು ಹಾಲೂಡಿಸಲು ನೋಡಿದಳು. ಮೈಯೆಲ್ಲ ಬೆವರು. ಕೂಸು ಬಾಯಿಟ್ಟು ಉಪ್ಪುಪ್ಪಾಯಿತೋ ಏನೋ, ಮುಖ ಹಿಂಡಿ ಅತ್ತಿತು. ಇವಳ ಕಣ್ಣಲ್ಲೂ ನೀರು. ನಾನು ಟವೆಲನ್ನು ನೀರಲ್ಲಿ ಅದ್ದಿ ಅವಳ ಎದೆ, ಕುತ್ತಿಗೆ ಒರೆಸಿದೆ. ಮದುವೆಯಾಗಿ ಮೂರು ವರ್ಷದಲ್ಲಿ ಅವಳ ಮೈ ಮುಟ್ಟಿದ್ದು ಅದೇ ಮೊದಲೇನೋ. ಕೂಸು ಕುಡಿಯಿತು. ಹೊರಗೆ ತಂಡದ ಮ್ಯಾನೇಜರ್ ಬಾಗಿಲು ಬಡಿದು ಬಡಿದು ಹೋದ. ಅರೆ ಹೊಟ್ಟೆಯ ಕೂಸನ್ನು ನನ್ನ ಕೈಗೆ ಹಾಕಿ ಇವಳೂ ಓಡಿದಳು.

ಅವರು ಸೋತರು. ಮೂವತ್ತಕ್ಕೂ ಹೆಚ್ಚು ಅಂಕಗಳಿಂದಂತೆ.

ತಂಡದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಚಿಕ್ಕವಳು. ಏಣಿ ಅಂತಲೇ ಅವಳ ಅಡ್ಡಹೆಸರು. ಆಟ ಮುಗಿದ ಮೇಲೆ ಕೂಸನ್ನು ಎತ್ತಿಕೊಳ್ಳಲು ಬಂದಳು. ಇಷ್ಟು ಅಂತರದಲ್ಲಿ ಸೋಲುವುದು ಇದೇ ಮೊದಲೇ ಎಂದು ಕೇಳಿದೆ. ಎಂಟು ದೇಶಗಳ ಈ ಮೇಲಿನ ಗುಂಪಿಗೆ ಅವರ ತಂಡ ಹಿಂದೆ ಮೂರು ಸಲ ಬಂದಿತ್ತಂತೆ. ಮೂರು ಸಲವೂ ಒಂದು ಪಂದ್ಯವನ್ನೂ ಗೆಲ್ಲದೆ ಕಡೆಯ ಸ್ಥಾನಕ್ಕೆ ಬಿದ್ದು ಕೆಳಗಿನ ಗುಂಪಿಗೆ ಇಳಿದಿತ್ತಂತೆ.

"ನಮ್ ದಾಖಲೆ ತುಂಬಾ ಸ್ವಚ್ಛ ಅಜ್ಜಿ," ಎಂದಳು. "ಗೆಲುವಿನ ಒಂದು ಕಲೆಯೂ ಇಲ್ಲ."

ಅಜ್ಜಿಯಂತೆ. ಕೂಸಿಗೆ ಅಜ್ಜಿಯಾದರೆ ಊರಿಗೆಲ್ಲ ಅಜ್ಜಿಯೇ?

ಜೂನ್ 14, ಶನಿವಾರ

ಎರಡನೆಯದನ್ನೂ ಸೋತರು. ವಸತಿಗೃಹದ ಯಜಮಾನಿ ಕೂಸಿನ ಕಿವಿಗೆ ಹಾಕಲು ಮೆತ್ತನೆಯ ಮುಚ್ಚಳದಂಥದ್ದು ಕೊಟ್ಟಿದ್ದರಿಂದ ಬಾಗಿಲ ಬಳಿ ನಿಂತು ಸ್ವಲ್ಪ ನೋಡಿದೆ. ಹತ್ತು ಜನ, ಒಂದು ಚೆಂಡು, ಅಷ್ಟು ಎತ್ತರದಲ್ಲಿ ತಳವಿಲ್ಲದ ಬುಟ್ಟಿ. ತಳವಿಲ್ಲದ ಬುಟ್ಟಿಗೆ ಹಾಕಿದ್ದು ನಿಲ್ಲುತ್ತದೆಯೇ?

ಶೀಟಿ ಮಾತ್ರ ತಲೆ ತಿಂದಿತು. ನಾನೂ ಶೀಟಿ ಊದಿದವಳೇ, ಆದರೆ ನಾನು ಊದಿದರೆ ಬಸ್ಸು ಹೊರಡುತ್ತಿತ್ತು. ಇಲ್ಲಿ ಊದಿದರೆ ಹೊರಟವರೆಲ್ಲ ನಿಲ್ಲುತ್ತಾರೆ.

ಸೊಸೆ ಚೆಂಡನ್ನು ಹಿಡಿದು ತರುವವಳು, ಉಳಿದವರಿಗೆ ಹಂಚುವವಳು. ಒಂದು ವಿಷಯ ಗಮನಿಸಿದೆ. ಅವಳು ಯಾರಿಗೆ ಕೊಡಬೇಕೋ ಅವರ ಕಡೆ ನೋಡುವುದೇ ಇಲ್ಲ. ಅತ್ತ ನೋಡಿ ಇತ್ತ ಕೊಡುತ್ತಾಳೆ. ಮನೆಯಲ್ಲೂ ಹಾಗೆಯೇ, ಮುಖ ನೋಡಿದರೆ ಮನಸ್ಸಿನಲ್ಲಿ ಏನಿದೆಯೋ ತಿಳಿಯುವುದಿಲ್ಲ.

ನನ್ನ ಮೊಣಕಾಲು ಊದಿದೆ. ಮಗ ಫೋನ್ ಮಾಡಿ ಹೇಳಿದೆಯಾ ಎಂದು ಕೇಳಿದ. ಸಮಯ ಎಲ್ಲಿ ಎಂದೆ.

ಜೂನ್ 16, ಸೋಮವಾರ

ಸೋತೆವು. ಬರೀ ಏಳೇ ಅಂಕಗಳಿಂದ. ಕೈಗೆ ಬಂದ ತುತ್ತು.

ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದಾಗ ನಾವು ಎರಡು ಅಂಕ ಮುಂದಿದ್ದೆವು. ಎದುರಿನ ತಂಡದ ದಪ್ಪ ಜಡೆಯವಳಿಗೆ ಆಗಲೇ ನಾಲ್ಕು ಫೌಲು. ಐದಾದರೆ ಅವಳು ಹೊರಗೆ. ಅವಳ ಮೇಲೇ ನುಗ್ಗಿ ನುಗ್ಗಿ ಆ ಐದನೆಯದನ್ನು ತೆಗೆಸಬೇಕಿತ್ತು. ಅದು ಬಿಟ್ಟು ನಮ್ಮ ಹುಡುಗಿಯರು ದೂರದಿಂದ ಎಸೆದರು, ಎಸೆದದ್ದೆಲ್ಲ ಕಬ್ಬಿಣದ ಬಳೆಗೆ ಬಡಿದು ವಾಪಸು. ಸೊಸೆ ಒಂದು ಸಲ ಬಿದ್ದಳು, ಬೇಕೆಂದೇ ತಳ್ಳಿದ್ದು, ಇಡೀ ಸಭೆಗೆ ಕಂಡಿತು. ಶೀಟಿಯವನಿಗೆ ಕಾಣಲಿಲ್ಲ. ನಾನು ಏನೋ ಕೂಗಿದೆನಂತೆ. ಕೂಸು ಎದ್ದು ಅತ್ತಿತು. ಹಿಂದಿನ ಸಾಲಿನವರು ಎದ್ದು ಬೇರೆ ಕಡೆ ಕೂತರು. ಗಂಟಲು ಕಟ್ಟಿದೆ.

ಏಣಿ ಬಂದು ನನ್ನ ಮೊಣಕಾಲಿಗೆ ತನ್ನ ಮಂಜುಗಡ್ಡೆಯ ಚೀಲ ಕಟ್ಟಿದಳು. ಅವಳೇ ಕುಂಟುತ್ತಿದ್ದಳು. ನಿನಗೆ ಬೇಡವೇ ಎಂದರೆ ಅಭ್ಯಾಸವಾಗಿದೆ ಎಂದಳು. ಇಪ್ಪತ್ತರ ಪ್ರಾಯದಲ್ಲಿ ಆಡುವ ಮಾತೇ ಅದು?

ಈಗ ಉಳಿದಿರುವುದು ಒಂದೇ. ಎಂಟು ತಂಡಗಳನ್ನು ನಾಲ್ಕು ನಾಲ್ಕಾಗಿ ಎರಡು ಪಂಗಡ ಮಾಡಿದ್ದಾರೆ, ಎರಡರ ಕಡೆಯ ಸ್ಥಾನದವರ ನಡುವೆ ಬುಧವಾರ ಮಧ್ಯಾಹ್ನ ಪಂದ್ಯ. ಸೋತವರು ಕೆಳಕ್ಕೆ.

ಜೂನ್ 17, ಮಂಗಳವಾರ

ಆಟವಿಲ್ಲದ ದಿನ. ಬಟ್ಟೆ ಒಗೆದೆ. ಸೊಸೆ ಅಭ್ಯಾಸ ಮುಗಿಸಿ ಬಂದು ಗೋಡೆಗೆ ಒರಗಿ ಕೂತವಳು ಶೂ ಬಿಚ್ಚುವಷ್ಟರಲ್ಲಿ ನಿದ್ದೆಹೋದಳು. ಬಿಚ್ಚಿದ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಅರ್ಧ ಎದ್ದಿದೆ. ಮನೆಯಲ್ಲಿ ಒಂದು ಪಾತ್ರೆ ಕೈಜಾರಿದರೆ ನಾನು ಎಷ್ಟು ಮಾತು ಆಡುತ್ತೇನೆ. ಇವಳು ಇದರ ಬಗ್ಗೆ ಒಂದು ಮಾತು ಆಡಿಲ್ಲ.

ಎದ್ದ ಮೇಲೆ, ಕೂಸಿಗೆ ಆಲೂಗಡ್ಡೆ ಕಿವುಚಿ ತಿನ್ನಿಸುತ್ತಾ ಮಾತು ತೆಗೆದೆ. ಇನ್ನು ಒಂದೇ ಪಂದ್ಯ, ಆಮೇಲೆ ಆರಾಮ ಅಲ್ಲವೇ, ಕೂಸೂ ಬೆಳೆಯುತ್ತಿದೆ, ಎಂದು ಬಳಸಿ ಬಳಸಿ ಹೇಳಿದೆ. ನನಗೆ ನೇರ ಮಾತೇ ರೂಢಿ, ಬಳಸಲು ಹೋದರೆ ದಾರಿ ತಪ್ಪುತ್ತದೆ.

"ಅವರು ಹೇಳಿ ಕಳಿಸಿದ್ರಾ?" ಎಂದಳು.

ಹೌದೆಂದೆ. ಆಟ ಬಿಡುತ್ತೇನೆಂದು ನೀನೇ ಅವನಿಗೆ ಮಾತು ಕೊಟ್ಟಿದ್ದೀಯಂತಲ್ಲ ಎಂದೂ ಕೇಳಿದೆ.

"ನಾನು ಯಾವತ್ತೂ ಹೇಳಿಲ್ಲ ಅತ್ತೆ. ಅವರು ಹೇಳಿದ್ರು, ನಾನು ಸುಮ್ನಿದ್ದೆ. ಸುಮ್ನಿದ್ರೆ ಒಪ್ಕೊಂಡೆ ಅಂತ ಆಯ್ತು."

ಕೂಸಿನ ಬಾಯಿ ಒರೆಸಿದೆ. ಅವಳು ಮತ್ತೆ ಕೇಳಿದಳು, ನನ್ನ ಮುಖ ನೋಡದೆ, "ಅವರು ಹುಟ್ಟಿದ್ಮೇಲೆ ನೀವು ಎಷ್ಟು ದಿನಕ್ಕೆ ಬಸ್ ಹತ್ತಿದ್ರಿ?"

"ಅದು ಹೊಟ್ಟೆಪಾಡು ಕಣೆ. ಇದು ಆಟ."

"ನಂಗೆ ಬೇರೆ ಏನೂ ಬರಲ್ಲ ಅತ್ತೆ. ಹನ್ನೊಂದನೇ ವಯಸ್ಸಿಂದ ಇದೊಂದೇ ಮಾಡಿರೋದು. ಇದೇ ಕೆಲಸ ನಂದು."

ಅವಳಿಗೆ ಅಂಟುಪಟ್ಟಿ ಸುತ್ತಿಕೊಳ್ಳಲು ಬಗ್ಗಲಾಗುತ್ತಿರಲಿಲ್ಲ, ನಾನೇ ಬೆರಳಿಗೆ ಸುತ್ತಿಕೊಟ್ಟೆ. ಮಗನ ಫೋನ್ ಬಂತು, ಎತ್ತಲಿಲ್ಲ. ಕೈಯಲ್ಲಿ ಆಲೂಗಡ್ಡೆ ಮೆತ್ತಿತ್ತು.

ಜೂನ್ 18, ಬುಧವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಇವತ್ತಿನದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ತಂಡದ ಸಭೆಗೆ ಹೊರಡುವಾಗ ಸೊಸೆ ಕೂಸಿನ ಹಣೆ ಮುಟ್ಟಿ ನಿಂತಳು. "ಮೈ ಬಿಸಿ ಇದೆ ಅಲ್ವಾ ಅತ್ತೆ?"

ಇತ್ತು. ನನ್ನ ಅಂಗೈಗೆ ಗೊತ್ತಾಗಿತ್ತು. "ಹೊದ್ದಿಸಿದ್ದೆ, ಅದಕ್ಕೇ," ಎಂದೆ. ಅವಳು ಅನುಮಾನದಿಂದಲೇ ಇನ್ನೊಂದು ಸಲ ಮುಟ್ಟಿ, ಒಂದು ಬಟ್ಟಲು ಹಾಲು ಹಿಂಡಿಟ್ಟು ಹೋದಳು.

ಅವಳು ಹೋಗಿ ಸ್ವಲ್ಪ ಹೊತ್ತಿಗೆಲ್ಲ ಕೂಸಿನ ಮೈ ಕಾದ ತವೆಯಾಯಿತು. ಕಿವಿಯನ್ನು ಎಳೆದುಕೊಂಡು ಚೀರತೊಡಗಿತು. ನಾನು ಕೆಳಗಿಳಿದು ಯಜಮಾನಿಯನ್ನು ಕರೆದೆ. ಆಕೆ ಕೈಯಲ್ಲಿದ್ದ ಹೊದಿಕೆಗಳನ್ನು ಮೆಟ್ಟಿಲ ಮೇಲೇ ಹಾಕಿ, ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳ ಭಾಷೆ ನನಗೆ ಅರ್ಧ ಬರುತ್ತದೆ, ನನ್ನದು ಅವಳಿಗೆ ಅಷ್ಟೂ ಬರುವುದಿಲ್ಲ. ಜ್ವರದ ಮುಂದೆ ಭಾಷೆ ಯಾಕೆ ಬೇಕು?

ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಒಳಗೆಲ್ಲ ಕೆಂಪಾಗಿದೆ ಎಂದರು. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಔಷಧ ಹಾಕಿದರು. ಹೆದರುವಂಥದ್ದಲ್ಲ, ಆದರೆ ಜ್ವರ ಇಳಿಯುವವರೆಗೆ ಇಲ್ಲೇ ಇರಲಿ ಎಂದರು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆ ಬಟ್ಟಲಿನ ಹಾಲನ್ನು ಚಮಚದಲ್ಲಿ ಹನಿಹನಿಯಾಗಿ ಕುಡಿಸಿದೆ. ಬೇರೆ ದಿನ ಆಗಿದ್ದರೆ ಉಗುಳುತ್ತಿತ್ತು. ಇವತ್ತು ನುಂಗಿತು.

ತಂದೆಯಾದವನಿಗೆ ಹೇಳದಿರಬಾರದೆಂದು ಮಗನಿಗೆ ಫೋನ್ ಮಾಡಿದೆ. ಮಾತು ಮುಗಿಯುವ ಮೊದಲೇ ಅವನು ಅವಳನ್ನು ಆಟದಿಂದ ಕರೆಸು ಎಂದ.

"ಕರೆಸಿ ಏನ್ ಮಾಡ್ಲಿ? ಡಾಕ್ಟರ್ ಇದಾರೆ, ನಾನಿದೀನಿ."

"ಅವಳು ತಾಯಿ ಅಮ್ಮ."

"ನೀನು ತಂದೆ. ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಿರೋವಾಗ ನಿನ್ನ ಕೂಸಿಗೆ ಜ್ವರ ಅಂತ ನಾನು ಫೋನ್ ಮಾಡಿದ್ರೆ, ಅವರನ್ನ ಹಾಗೇ ಬಿಟ್ಟು ಬರ್ತೀಯಾ?"

ಅವನು ಅದು ಬೇರೆ ಎಂದ. ಹೇಗೆ ಬೇರೆ ಎಂದು ಕೇಳಿದೆ. ಜ್ವರ ಇಳಿದ ಮೇಲೆ ಹೇಳುತ್ತೇನೆಂದು ಇಟ್ಟುಬಿಟ್ಟೆ. ನನ್ನ ಮಗನ ಫೋನನ್ನು ನಾನೇ ಇಟ್ಟೆ. ಯಾಕೆ ಹಾಗೆ ಮಾತಾಡಿದೆನೋ. ದಣಿವು ಹೆಚ್ಚಾದರೆ ನನ್ನ ನಾಲಿಗೆ ನನ್ನ ಹಿಡಿತದಲ್ಲಿರುವುದಿಲ್ಲ.

ಅಷ್ಟರಲ್ಲಿ ಪಂದ್ಯ ಶುರುವಾಗಿತ್ತು. ಯಜಮಾನಿ ತನ್ನ ಫೋನಿನಲ್ಲಿ ಅಂಕ ಮಾತ್ರ ಬರುವ ಪುಟ ತೆಗೆದು ನನ್ನ ಮುಂದೆ ಹಿಡಿದಳು. ಚಿತ್ರವಿಲ್ಲ, ಸದ್ದಿಲ್ಲ, ಎರಡು ಸಂಖ್ಯೆ ಅಷ್ಟೇ. ಒಂದೇ ಸಲಕ್ಕೆ ಮೂರು ಏರಿದರೆ ದೂರದ ಗೆರೆಯಾಚೆಯಿಂದ ಹಾಕಿದ್ದು ಎಂದು ಅವಳಿಗೆ ಕೈಸನ್ನೆಯಲ್ಲಿ ಹೇಳಿಕೊಟ್ಟೆ. ಒಂದೊಂದಾಗಿ ಏರಿದರೆ ಫೌಲಾಗಿದೆ, ಯಾರೋ ಗೆರೆಯ ಮೇಲೆ ಒಬ್ಬಳೇ ನಿಂತು ಹಾಕುತ್ತಿದ್ದಾಳೆ. ನಮ್ಮ ಸಂಖ್ಯೆ ಬಹಳ ಹೊತ್ತು ಅಲ್ಲಾಡದಿದ್ದಾಗ ಸೊಸೆಯನ್ನು ಕೋಚಮ್ಮ ಹೊರಗೆ ಕೂರಿಸಿದ್ದಾರೆ ಎಂದು ತಿಳಿದೆ. ಮತ್ತೆ ಏರತೊಡಗಿದಾಗ ಇಳಿಸಿದ್ದಾರೆ ಎಂದು.

ಅರ್ಧ ಆಟಕ್ಕೆ ನಾಲ್ಕು ಅಂಕ ಹಿಂದೆ. ಸೊಸೆಯ ಫೋನ್ ಬಂತು. ಉಗ್ರಾಣಕ್ಕೆ ಬಂದು ನಮ್ಮನ್ನು ಕಾಣದೆ ಮಾಡಿದ್ದಳು. ಏದುಸಿರು.

"ಅತ್ತೆ, ಎಲ್ಲಿದೀರಾ? ಪುಟ್ಟಿ ಎಲ್ಲಿ?"

"ಮಲಗಿದಾಳೆ ಕಣಮ್ಮ. ಎಬ್ಬಿಸಿ ತರೋದು ಬೇಡ ಅನ್ನಿಸ್ತು. ಹಾಲು ಕುಡಿದಳು. ನೀನು ಹೋಗು, ಆಡು."

ಕೂಸು ನಿಜಕ್ಕೂ ಮಲಗಿತ್ತು, ತೊಡೆಯ ಮೇಲೆ, ಹಿಮ್ಮಡಿಗೆ ಹತ್ತಿ ಅಂಟಿಸಿಕೊಂಡು. ಅವಳು ಸರಿ ಎಂದಳು. ಆ "ಸರಿ"ಯಲ್ಲಿ ಎಷ್ಟು ನಂಬಿಕೆಯಿತ್ತೆಂದರೆ ನಾನು ಆ ಹಿಮ್ಮಡಿಯನ್ನು ಸೆರಗಿನಲ್ಲಿ ಮುಚ್ಚಿದೆ.

ಮೂರನೇ ಭಾಗ ಸಮ. ಕಡೆಯ ಭಾಗದಲ್ಲಿ ಒಮ್ಮೆ ಅವರು, ಒಮ್ಮೆ ನಾವು. ಕೊನೆಯ ನಿಮಿಷದಲ್ಲಿ ಒಂದು ಅಂಕ ಮುಂದಿದ್ದಾಗ ಆ ಪುಟ ನಿಂತುಹೋಯಿತು. ಯಜಮಾನಿ ಫೋನನ್ನು ತಟ್ಟಿದಳು, ಕಿಟಕಿಯ ಹತ್ತಿರ ಹಿಡಿದಳು, ಊದಿದಳು. ನರ್ಸೊಬ್ಬಳು ಬಂದು ನಮ್ಮಿಬ್ಬರ ಮುಖ ನೋಡಿ ಕೂಸಿಗೇನಾಯಿತು ಎಂದು ಗಾಬರಿಯಾದಳು. ಪುಟ ಮತ್ತೆ ಬಂದಾಗ ಸಂಖ್ಯೆಗಳ ಕೆಳಗೆ "ಮುಗಿಯಿತು" ಎಂಬರ್ಥದ ಪದವಿತ್ತು. ಮೂರು ಅಂಕದಿಂದ ಗೆದ್ದಿದ್ದೆವು. ಮೇಲಿನ ಗುಂಪಿನಲ್ಲಿ ಈ ತಂಡದ ಮೊದಲ ಗೆಲುವು. ಯಜಮಾನಿ ನನ್ನನ್ನು ತಬ್ಬಿಕೊಂಡಳು. ಯಾರ ತಂಡವೋ ಏನೋ ಅವಳಿಗೆ. ನನಗೆ ಅಳು ಬಂತು. ಹಾಳು ದಣಿವು.

ಸಂಜೆಯ ಹೊತ್ತಿಗೆ ಜ್ವರ ಇಳಿದು ಕೋಣೆಗೆ ಬಂದೆವು. ಸೊಸೆ ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು, ಆಟದ ಬಟ್ಟೆಯಲ್ಲೇ, ಕೊರಳಲ್ಲಿ ಯಾರೋ ಹಾಕಿದ ಬಣ್ಣದ ಕಾಗದದ ಹಾರ. ಕೋಣೆ ಖಾಲಿಯಿದ್ದುದನ್ನು ನೋಡಿ ಗಂಡನಿಗೆ ಫೋನ್ ಮಾಡಿದ್ದಾಳೆ, ಅವನು ಎಲ್ಲವನ್ನೂ ಹೇಳಿದ್ದಾನೆ. ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹಿಮ್ಮಡಿಯ ಹತ್ತಿಯನ್ನು ನೋಡಿದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಬೆಳಿಗ್ಗೆಯೇ ಗೊತ್ತಿತ್ತಾ ನಿಮಗೆ?"

"ನೀನು ಆಡ್ಲಿ ಅಂತ ಕಣೆ. ಹೇಳಿದ್ರೆ ನೀನು..."

"ಹೇಳಿದ್ರೆ ನಾನು ಏನ್ ಮಾಡ್ತಿದ್ದೆ ಅಂತ ನಂಗೇ ಗೊತ್ತಿಲ್ಲ. ಆಡ್ತಿದ್ನೋ, ಬರ್ತಿದ್ನೋ. ಆದ್ರೆ ಅದು ನಾನು ತೀರ್ಮಾನ ಮಾಡ್ಬೇಕಿತ್ತು ಅತ್ತೆ. ಆಟ ಬಿಡು ಅಂತ ಅವರು ನನ್ನ ಕೇಳದೆ ತೀರ್ಮಾನ ಮಾಡಿದ್ರು. ಆಡು ಅಂತ ನೀವು. ನನ್ನ ಯಾರೂ ಕೇಳಲ್ಲ."

ಒಳಗೆ ಹೋಗಿ ಕೂಸಿಗೆ ಹಾಲೂಡಿಸುತ್ತಾ ಗೋಡೆಯ ಕಡೆ ತಿರುಗಿ ಮಲಗಿದಳು. ಹಾರವನ್ನು ತೆಗೆದಿರಲಿಲ್ಲ. ರಸ್ತೆಯಾಚೆ ಹೋಟೆಲಿನಲ್ಲಿ ಹುಡುಗಿಯರು ಹಾಡುತ್ತಿರುವುದು ಇಲ್ಲಿಗೂ ಕೇಳುತ್ತಿದೆ. ಏಣಿ ಬಂದು ಕರೆದಳು, ಇವಳು ಹೋಗಲಿಲ್ಲ.

ಒಳ್ಳೆಯದು ಮಾಡಲು ಹೋಗಿ ಕೆಟ್ಟವಳಾದೆ. ದಿನವಿಡೀ ಯಾರು ಓಡಿದರು? ಯಾರ ತೊಡೆ ಮರಗಟ್ಟಿತು? ಒಂದು ಮಾತು ಬೇಡವೇ?

ಜೂನ್ 19, ಗುರುವಾರ

ಜ್ವರವಿಲ್ಲ. ಕೂಸು ನಗುತ್ತಿದೆ. ಅದರ ತಾಯಿ ನಗುತ್ತಿಲ್ಲ.

ಅವಳು ಹೇಳಿದ್ದು ಸರಿ. ಕೋಪ ಇಳಿದ ಮೇಲೆ ಹಾಗನ್ನಿಸಿತು. ನನ್ನ ಕೂಸಿಗೆ ಹಾಗಾಗಿದ್ದು, ನನ್ನ ಅತ್ತೆ ನನ್ನಿಂದ ಮುಚ್ಚಿಟ್ಟಿದ್ದರೆ, ನಾನು ಮನೆಯ ಹೆಂಚು ಹಾರಿಸುತ್ತಿದ್ದೆ. ಇವಳು ಗೋಡೆಯ ಕಡೆ ತಿರುಗಿದಳು, ಅಷ್ಟೇ.

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದಾಗ ಅವಳು ಹೊರಗಿನ ಮೆಟ್ಟಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬಾಗಿಲು ತೆರೆದಿತ್ತು, ಕಿವಿ ಮುಚ್ಚಿಕೊಳ್ಳಲು ನನಗೆ ಕೈ ಬಿಡುವಿರಲಿಲ್ಲ. "ನಾನು ಬಿಡ್ತೀನಿ ಅಂತ ಯಾವತ್ತು ಹೇಳಿದೆ? ನೀವು ಹೇಳಿದ್ದು ಅದು," ಎಂದಳು. ಬಹಳ ಹೊತ್ತು ಆ ಕಡೆಯ ಮಾತು. ಆಮೇಲೆ "ಹೂಂ." ಆಮೇಲೆ "ಇಲ್ಲ, ಜಗಳ ಅಲ್ಲ." ಕಡೆಗೆ "ಆಯ್ತು, ಬಂದು ಮಾತಾಡೋಣ" ಎಂದಳು. ಮಾತಾಡೋಣ ಎಂದು ಮೊದಲು ಅಂದವನು ನನ್ನ ಮಗನೇ ಇರಬೇಕು, ಏಕೆಂದರೆ ಅದನ್ನು ಹೇಳುವಾಗ ಅವಳ ದನಿಯಲ್ಲಿ ಆಶ್ಚರ್ಯವಿತ್ತು. ಅವನು ಹಾಗೆ ಅನ್ನುವವನಲ್ಲ. ಎಲ್ಲವನ್ನೂ ಮೊದಲೇ ಬಿಗಿದು ಮುಗಿಸುವ ಮೆಕ್ಯಾನಿಕ್ಕು.

ಒಳಗೆ ಬಂದು ನನ್ನ ಪಕ್ಕ ಕೂತು ತಾನೂ ಬಟ್ಟೆ ಮಡಚಿದಳು.

ಜೂನ್ 20, ಶುಕ್ರವಾರ, ರೈಲಿನಲ್ಲಿ

ಅಕ್ಷರ ಕುಣಿಯುತ್ತಿವೆ. ತಂಡದವರೆಲ್ಲ ಇದೇ ಡಬ್ಬಿಯಲ್ಲಿದ್ದಾರೆ, ಒಬ್ಬರ ಮೇಲೊಬ್ಬರು ಒರಗಿ ನಿದ್ದೆ. ಏಣಿಯ ಕಾಲುಗಳು ಓಣಿಯ ಆಚೆ ಸೀಟಿನವರೆಗೂ ಹೋಗಿವೆ, ದಾಟುವವರೆಲ್ಲ ಎತ್ತಿ ಪಕ್ಕಕ್ಕಿಟ್ಟು ದಾಟುತ್ತಾರೆ, ಅವಳಿಗೆ ಎಚ್ಚರವಿಲ್ಲ. ಕೋಚಮ್ಮ ನನ್ನ ಬಳಿ ಬಂದು, ನೀವು ಆ ದಿನ ಶೀಟಿಯವನಿಗೆ ಕೂಗಿದ್ದು ಸರಿಯಾಗೇ ಇತ್ತು, ಅದು ಫೌಲೇ, ಎಂದು ಹೇಳಿ ಹೋದರು. ನಗಲಿಲ್ಲ. ಆದರೂ ಹೇಳಿದರು.

ಸೊಸೆ ಎದುರಿಗೆ ಕೂತಿದ್ದಳು. ಕೂಸು ಅವಳ ಎದೆಗೆ ಒರಗಿತ್ತು. ಎರಡು ದಿನದಿಂದ ಹೇಳಬೇಕೆಂದುಕೊಂಡಿದ್ದನ್ನು ಹೇಗೆ ಹೇಳುವುದೋ ತಿಳಿಯದೆ ಕಿಟಕಿ ನೋಡುತ್ತಿದ್ದೆ. ಸೊಸೆಯ ಮುಂದೆ ತಪ್ಪಾಯಿತು ಎನ್ನುವುದು ನಮ್ಮ ಕಾಲದಲ್ಲಿ ರೂಢಿಯಿರಲಿಲ್ಲ. ಯಾವುದೋ ಸಣ್ಣ ನಿಲ್ದಾಣದಲ್ಲಿ ರೈಲು ನಿಂತು ಸದ್ದಡಗಿದಾಗ, ಇನ್ನು ತಡಮಾಡಿದರೆ ಆಗುವುದಿಲ್ಲವೆಂದು ಹೇಳಿಬಿಟ್ಟೆ.

"ಮುಚ್ಚಿಡಬಾರದಿತ್ತು ಕಣಮ್ಮ. ಮುಂದಿನ ಸಲ ಏನೇ ಆದ್ರೂ ನಿಂಗೇ ಮೊದಲು ಹೇಳ್ತೀನಿ. ಆಟದ ಮಧ್ಯ ಆದ್ರೂ ಸರಿ, ಒಳಗೇ ನುಗ್ಗಿ ಹೇಳ್ತೀನಿ."

ಅವಳು ತಲೆಯೆತ್ತಿದಳು. "ಮುಂದಿನ ಸಲ?"

"ಹೂಂ. ಮುಂದಿನ ಸಲ."

ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು, ರೈಲು ಮತ್ತೆ ಹೊರಟು ಆ ನಿಲ್ದಾಣ ಹಿಂದಾಗುವವರೆಗೂ. ಆಮೇಲೆ ಎದ್ದು ಬಂದು ಕೂಸನ್ನು ನನ್ನ ತೊಡೆಗೆ ಹಾಕಿ, ನನ್ನ ಪಕ್ಕದಲ್ಲಿ ಕೂತು, ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಈಗಲೂ ಹಾಗೇ ಇದ್ದಾಳೆ. ಅದಕ್ಕೇ ಅಕ್ಷರ ಇಷ್ಟು ಸೊಟ್ಟ.

ನಾನು ಅಂಥದ್ದೇನು ಹೇಳಿದೆನೋ ಗೊತ್ತಾಗಲಿಲ್ಲ. ಭುಜ ಜೋಮು ಹಿಡಿದಿದೆ. ಇರಲಿ, ಮಲಗಲಿ.